ಅಲ್ಲಿದ್ದ ತಂತ್ರಜ್ಞರು ನಕ್ಕರು

ಸಮಿತಿಯ ಮುಂದೆ ಹೋಗಬೇಕಾಗಿದ್ದದ್ದು ಹನ್ನೊಂದೂವರೆಗೆ. ಅವನು ಎಂಟಕ್ಕೇ ಬಂದು, ಬಾಗಿಲು ತೆಗೆದು, ಏಪ್ರನ್ ಕಟ್ಟಿಕೊಂಡು ಕಲ್ಲು ಅರೆಯಲು ಕೂತುಬಿಟ್ಟಿದ್ದ. ಅವತ್ತೇ ಮುಗಿಸಬೇಕಾದ ಕೆಲಸವೇನೂ ಇರಲಿಲ್ಲ. ಸುಮ್ಮನೆ ಕೂತರೆ ಕೈಗಳನ್ನು ಎಲ್ಲಿಡುವುದೆಂದು ತಿಳಿಯುತ್ತಿರಲಿಲ್ಲ, ಅಷ್ಟೆ. ಗಾಜಿನ ಹಲಗೆಯ ಮೇಲೆ ಚಿಟಿಕೆ ಅರೆಯುವ ಪುಡಿ, ನಾಲ್ಕು ಹನಿ ನೀರು, ಅದರ ಮೇಲೆ ಕಲ್ಲು ಅಂಟಿಸಿದ ಸ್ಲೈಡು, ಸ್ಲೈಡಿನ ಮೇಲೆ ಎರಡು ಬೆರಳು. ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ ಇದೊಂದೇ: ಕಲ್ಲನ್ನು ಬಿಲ್ಲೆಯಾಗಿ ಕೊಯ್ಯುವುದು, ಗಾಜಿಗೆ ಅಂಟಿಸುವುದು, ಬೆಳಕು ತೂರಿಹೋಗುವಷ್ಟು ತೆಳ್ಳಗೆ ಅರೆಯುವುದು. ಎಲ್ಲಿ ನಿಲ್ಲಿಸಬೇಕೆಂದು ಬೆರಳಿಗೇ ಗೊತ್ತಾಗಬೇಕು. ಎರಡು ಸುತ್ತು ಹೆಚ್ಚಾದರೆ ಕಲ್ಲೇ ಇರುವುದಿಲ್ಲ, ಬರೀ ಗಾಜು ಉಳಿಯುತ್ತದೆ. ವಿದ್ಯಾರ್ಥಿಗಳು ಅವನನ್ನು ಕಲ್ಲಣ್ಣ ಎನ್ನುತ್ತಿದ್ದರು, ಬೆನ್ನ ಹಿಂದೆಯೂ ಮುಖದೆದುರಿಗೂ. ಆ ಹೆಸರಿನಲ್ಲಿ ತಮಾಷೆ ಎಷ್ಟು, ಪ್ರೀತಿ ಎಷ್ಟು ಎಂದು ಅವನು ಯಾವತ್ತೂ ಬಿಡಿಸಿ ನೋಡಲು ಹೋಗಿರಲಿಲ್ಲ.

ಅಂಗಿಯ ಜೇಬಿನಲ್ಲಿ ನೋಟೀಸು ಇತ್ತು. ಆಂತರಿಕ ದೂರು ಸಮಿತಿಯಿಂದ ಬಂದದ್ದು. ಸಂಶೋಧನೆ ಮಾಡುತ್ತಿರುವ ಹುಡುಗಿಯೊಬ್ಬಳು ವಿಭಾಗದ ಮುಖ್ಯಸ್ಥರ ಮೇಲೆ ದೂರು ಕೊಟ್ಟಿದ್ದಾಳೆ, ತಾವು ಸಾಕ್ಷಿಯಾಗಿ ಹಾಜರಾಗಬೇಕು, ಈ ವಿಷಯವನ್ನು ಯಾರೊಂದಿಗೂ ಚರ್ಚಿಸಬಾರದು ಎಂದಿತ್ತು. ಜೊತೆಗೆ ದೂರಿನ ಒಂದೇ ಒಂದು ಪ್ಯಾರಾ, ಅವನಿಗೆ ಸಂಬಂಧಪಟ್ಟದ್ದು. ಮಧ್ಯಾಹ್ನ ಮೂರರ ಸುಮಾರಿಗೆ ನಾನು ಸ್ಲೈಡು ಕೋಣೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕುಳಿತಿದ್ದಾಗ ಮುಖ್ಯಸ್ಥರು ಹಿಂದಿನಿಂದ ಬಂದು ನನ್ನ ಸೊಂಟದ ಮೇಲೆ ಕೈಯಿಟ್ಟರು. ನಾನು ಕೈ ಸರಿಸಿದೆ. ಅವರು ಮತ್ತೆ ಇಟ್ಟರು. ಅಸಭ್ಯವಾಗಿ ಮಾತಾಡಿದರು. ಅಲ್ಲಿದ್ದ ತಂತ್ರಜ್ಞರು ನಕ್ಕರು. ಇದನ್ನು ಅವನು ಐದು ದಿನದಿಂದ ಓದುತ್ತಿದ್ದ. ಹೇಳಿಕೊಳ್ಳಲು ನಾಚಿಕೆಯಾಗುವಂಥ ಸಂಗತಿಯೆಂದರೆ, ಮೊದಲ ಸಲ ಓದಿದಾಗ ಅವನಿಗಾದದ್ದು ಹೆದರಿಕೆಯಲ್ಲ, ಸಂತೋಷ. ತಂತ್ರಜ್ಞರು. ಇಲ್ಲಿಯವರೆಗೆ ಯಾವ ಕಾಗದದಲ್ಲೂ ಯಾರೂ ಅವನನ್ನು ಹಾಗೆ ಬರೆದಿರಲಿಲ್ಲ. ಸಹಾಯಕ ಎಂದು ಬರೆಯುತ್ತಿದ್ದರು, ಇಲ್ಲವೇ ಸಿಬ್ಬಂದಿ. ಈ ಹುಡುಗಿ ಬಹುವಚನ ಹಾಕಿ ಬರೆದಿದ್ದಾಳಲ್ಲ ಎಂದು ಒಂದು ಕ್ಷಣ ಎದೆ ಉಬ್ಬಿತು. ಆಮೇಲೆ ಕಣ್ಣು ಮುಂದಿನ ಪದಕ್ಕೆ ಹೋಯಿತು. ನಕ್ಕರು.

ನಕ್ಕಿದ್ದೆನೇ? ಆ ಮಧ್ಯಾಹ್ನವನ್ನು ಎಷ್ಟು ಸಲ ನೆನೆಸಿಕೊಂಡರೂ ಅವನ ಮುಖ ಅವನಿಗೆ ಕಾಣಿಸುತ್ತಿರಲಿಲ್ಲ. ಉಳಿದದ್ದೆಲ್ಲ ಕಾಣಿಸುತ್ತಿತ್ತು. ಕೊಯ್ಯುವ ಮಷೀನು ಓಡುತ್ತಿತ್ತು. ಹುಡುಗಿಯ ಜಡೆ ಎಡಭುಜದ ಮೇಲಿಂದ ಮುಂದಕ್ಕೆ ಬಿದ್ದಿತ್ತು. ಮುಖ್ಯಸ್ಥರು ಬಂದರು, ಅವಳನ್ನು ಏಳು ಎನ್ನದೆ ಅವಳ ತಲೆಯ ಮೇಲಿನಿಂದಲೇ ಬಗ್ಗಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು; ಬಿಳಿ ಅಂಗಿಯ ತೋಳಿನ ತುದಿಯಲ್ಲಿ ಕೈ, ಕೈಯಲ್ಲಿ ಗಡಿಯಾರ, ಆ ಕೈ ಇದ್ದ ಜಾಗ. ಅವಳ ಕೈ ಬಂದು ಅದನ್ನು ತಳ್ಳಿತು. ಅದು ಮರಳಿ ಬಂತು. ಮುಖ್ಯಸ್ಥರು ತಲೆಯೆತ್ತಿ ಅವನತ್ತ ನೋಡಿ ಏನೋ ಹೇಳಿದರು. ಆಮೇಲೆ ಸ್ಟೂಲು ಬಿದ್ದದ್ದು, ಅವಳು ಹೋದದ್ದು, ಅವನು ಸ್ಟೂಲನ್ನು ಎತ್ತಿ ನಿಲ್ಲಿಸಿದ್ದು. ಏನು ಹೇಳಿದರು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನ ಎಡಗಿವಿ ಹೋಗಿ ಆರು ವರ್ಷವಾಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ಇಪ್ಪತ್ತೆರಡು ವರ್ಷ ಕಲ್ಲು ಕೊಯ್ಯುವ ಮಷೀನಿನ ಪಕ್ಕದಲ್ಲಿ ಕೂತವನಿಗೆ ಇನ್ನೇನಾಗುತ್ತದೆ? ಆದರೆ ಅದು ವಿಭಾಗದಲ್ಲಿ ಯಾರಿಗೂ ಗೊತ್ತಿರಬಾರದಾಗಿತ್ತು. ಕಿವಿ ಕೇಳದವನನ್ನು ಮಷೀನಿನ ಮೇಲೆ ಕೂರಿಸುವಂತಿಲ್ಲ ಎಂದು ನಿಯಮವಿತ್ತು. ಎಬ್ಬಿಸಿ ಉಗ್ರಾಣಕ್ಕೋ ಗೇಟಿಗೋ ಹಾಕುತ್ತಾರೆ. ಹಾಗಾಗಿ ಅವನು ಆರು ವರ್ಷದಿಂದ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಿದ್ದ, ಅರ್ಥವಾಗದ ಕಡೆ ತಲೆಯಾಡಿಸುತ್ತಿದ್ದ, ಎದುರಿನವರು ನಗುವಂತೆ ಕಂಡರೆ ತಾನೂ ನಗುತ್ತಿದ್ದ. ಒಂದು ಸಲ ಬೀದಿಯ ಕೊನೆಯ ಮನೆಯವರು ತರಕಾರಿ ಅಂಗಡಿಯಲ್ಲಿ ಸಿಕ್ಕಿ, ನಮ್ಮತ್ತೆ ಹೋಗಿಬಿಟ್ರು ಎಂದಾಗ ಅವನು ನಕ್ಕು, ಒಳ್ಳೇದಾಯ್ತು ಬಿಡಿ ಎಂದಿದ್ದ. ಅವರು ಇವತ್ತಿಗೂ ಇವನನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಾರೆ.

ಅಪ್ಪನೂ ಹೀಗೆಯೇ ನಗುತ್ತಿದ್ದ. ಅಪ್ಪ ಪೂರ್ತಿ ಕಿವುಡ. ಊರವರು ಕೆಪ್ಪ ಎಂದೇ ಕರೆಯುತ್ತಿದ್ದರು; ಕರೆದದ್ದೂ ಕೇಳಿಸದ ಅಪ್ಪ ನಗುತ್ತ ತಿರುಗುತ್ತಿದ್ದ. ಅವನಿಗೆ ಹತ್ತು ವರ್ಷವಿರಬೇಕು, ಮೂವರು ಗೆಳೆಯರ ಮುಂದೆ ಪಂದ್ಯ ಕಟ್ಟಿ, ಮುಖ ತುಂಬ ನಗು ಇಟ್ಟುಕೊಂಡು, ಅಪ್ಪನ ಮುಖಕ್ಕೆ ಮುಖ ಕೊಟ್ಟು ಒಂದು ಕೆಟ್ಟ ಬೈಗುಳ ಬೈದಿದ್ದ. ಅಪ್ಪ ಹೂಂ ಹೂಂ ಎಂದು ತಲೆಯಾಡಿಸಿ ಅವನ ಕೆನ್ನೆ ತಟ್ಟಿದ. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಂದ್ಯದಲ್ಲಿ ಗೆದ್ದದ್ದೇನು ಎಂಬುದು ಮರೆತುಹೋಗಿದೆ, ಕೆನ್ನೆಯ ಮೇಲಿನ ಆ ಒರಟು ಅಂಗೈ ಮರೆತಿಲ್ಲ. ಈಗ ಗಾಜಿನ ಹಲಗೆಯ ಮೇಲೆ ಬೆರಳು ನಿಂತವು. ಸ್ಲೈಡನ್ನು ಎತ್ತಿ ಬೆಳಕಿಗೆ ಹಿಡಿದ. ಇನ್ನೂ ದಪ್ಪವಿತ್ತು. ಮತ್ತೆ ಅರೆಯತೊಡಗಿದ.

ಬೆಳಿಗ್ಗೆ ಹೆಂಡತಿ ಹೊಲಿಗೆ ಮಷೀನು ನಿಲ್ಲಿಸಿ ಅವನ ಬಲಗಡೆಗೆ ಬಂದು ನಿಂತಿದ್ದಳು. ಚರ್ಚಿಸಬಾರದು ಎಂದು ನೋಟೀಸಿನಲ್ಲಿದ್ದರೂ ಅವಳಿಗೆ ಹೇಳದೆ ಅವನಿಗೆ ಊಟ ಸೇರುತ್ತಿರಲಿಲ್ಲ. “ಕೇಳಿಸ್ಲಿಲ್ಲ ಅಂತ ಹೇಳಿಬಿಡಿ. ಇರೋದೇ ಅದಲ್ವಾ?” ಎಂದಳು. “ಹೇಳಿದ್ರೆ ಮಷೀನಿಂದ ಎಬ್ಬಿಸ್ತಾರೆ.” “ಹಂಗಾದ್ರೆ ಕೇಳಿಸ್ತು ಅನ್ನಿ.” “ಏನು ಕೇಳಿಸ್ತು ಅಂತ ಕೇಳಿದ್ರೆ?” “ಅದು ನನಗೇನು ಗೊತ್ತು, ನಾನೇನು ಅಲ್ಲಿದ್ನಾ?” ಎಂದು ಅವಳು ಸೂಜಿಗೆ ದಾರ ಪೋಣಿಸಲು ಹೋಗಿ, ತಪ್ಪಿ, ಅದನ್ನು ಬದಿಗಿಟ್ಟು ಕೇಳಿದಳು: “ನಕ್ರಾ ಇಲ್ವಾ?” ಅವನು ಗೊತ್ತಿಲ್ಲ ಎಂದ. “ಆರು ವರ್ಷದಿಂದ ನೋಡ್ತಿದೀನಿ. ಕೇಳಿಸದೇ ಇದ್ರೆ ನೀವು ನಗ್ತೀರಿ. ನಕ್ಕೇ ಇರ್ತೀರಿ.” ಅವಳ ದನಿಯಲ್ಲಿ ಬೈಗುಳ ಇರಲಿಲ್ಲ. ಅವನು ಚಪ್ಪಲಿ ಹಾಕಿಕೊಳ್ಳುವಾಗ ಅವಳು ಮತ್ತೊಂದು ಮಾತು ಹೇಳಿದಳು. “ಕೈ ಕಂಡಿತ್ತು ಅಂದ್ರಲ್ಲ. ಕಣ್ಣು ಚೆನ್ನಾಗಿದೆಯಲ್ಲ ನಿಮಗೆ.” ಅದನ್ನು ಅವನು ಬಸ್ಸಿನ ತುಂಬ ಹೊತ್ತುಕೊಂಡು ಬಂದ. ಕೇಳಿಸಲಿಲ್ಲ, ಆದ್ದರಿಂದ ನಕ್ಕೆ: ಇದು ನಿಜ ಎಂದು ಆಣೆ ಮಾಡಬಹುದು. ಆದರೆ ಕಂಡಿತ್ತಲ್ಲ. ಕಂಡ ಮೇಲೂ ನಗು ಬಂದದ್ದಾದರೆ ಅದು ಯಾವ ಕಿವಿಯ ನಗು? ಬಂದ ಪ್ರತಿ ಸ್ಟಾಪಿನಲ್ಲೂ ಅವನಿಗೆ ಒಂದೊಂದು ಉತ್ತರ ಹೊಳೆಯುತ್ತಿತ್ತು, ಮುಂದಿನ ಸ್ಟಾಪಿನಲ್ಲಿ ಅದೇ ಉತ್ತರ ಸುಳ್ಳು ಎನಿಸುತ್ತಿತ್ತು.

ಹತ್ತು ಗಂಟೆಗೆ ಮುಖ್ಯಸ್ಥರು ಬಂದರು. ಎರಡು ಲೋಟ ಟೀ ಅವರೇ ಹಿಡಿದುಕೊಂಡು ಬಂದಿದ್ದರು. ಇಷ್ಟು ವರ್ಷದಲ್ಲಿ ಅವರು ಅವನಿಗೆ ಟೀ ತಂದದ್ದು ಅದೇ ಮೊದಲು. ಅವನು ಗಡಬಡಿಸಿ ಎದ್ದಾಗ ಪುಡಿ ಮೆತ್ತಿದ ಕೈಯಿಂದ ಲೋಟ ಹಿಡಿಯುವುದು ಹೇಗೆಂದು ತಿಳಿಯದೆ ಏಪ್ರನ್ನಿಗೆ ಒರೆಸಿಕೊಂಡ. ಅವರು ಅವನ ಎದುರಿಗೇ ನಿಂತು, ಒಂದೊಂದೇ ಪದ ಬಿಡಿಸಿ ಮಾತಾಡಿದರು. ಇಡೀ ವಿಭಾಗದಲ್ಲಿ ಅವರೊಬ್ಬರ ಮಾತು ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅವರ ಉಚ್ಚಾರ ಅಷ್ಟು ಚೆನ್ನಾಗಿದೆ ಎಂದೇ ಅವನು ತಿಳಿದಿದ್ದ. “ಕೂತ್ಕೊಳ್ಳಿ ಕೂತ್ಕೊಳ್ಳಿ. ನಾನು ಏನೂ ಹೇಳೋಕೆ ಬಂದಿಲ್ಲ. ಹೇಳಬಾರದು ಕೂಡ. ನಿಮಗೆ ಹೇಗೆ ನೆನಪಿದೆಯೋ ಹಾಗೆ ಹೇಳಿ.” “ಆಗ್ಲಿ ಸರ್.” “ಮಷೀನು ಓಡ್ತಿತ್ತು, ನಿಮಗೆ ಏನೂ ಕೇಳಿಸಿರೋದಿಲ್ಲ. ನೀವು ಕಲ್ಲು ನೋಡ್ತಿದ್ರಿ, ಬೇರೆ ಏನೂ ಕಂಡಿರೋದಿಲ್ಲ.” “ಹೂಂ ಸರ್.” ಅವರು ಟೀ ಗುಟುಕರಿಸಿ ಕಿಟಕಿಯತ್ತ ನೋಡಿದರು, ಆಮೇಲೆ ತಿರುಗಿ ಮತ್ತೆ ಅವನೆದುರಿಗೆ ಬಂದರು. “ನಿಮ್ಮ ಕಿವಿ ವಿಷಯ ನನ್ನ ಡ್ರಾಯರಲ್ಲೇ ಇದೆ. ಅದರ ಬಗ್ಗೆ ಚಿಂತೆ ಮಾಡ್ಬೇಡಿ.”

ಎರಡು ವರ್ಷದ ಹಿಂದೆ ಸಿಬ್ಬಂದಿಗೆಲ್ಲ ಆರೋಗ್ಯ ತಪಾಸಣೆ ನಡೆದಾಗ ಕಿವಿ ಡಾಕ್ಟರು ಬರೆದುಕೊಟ್ಟ ಚೀಟಿ ಮುಖ್ಯಸ್ಥರ ಮೇಜಿಗೆ ಬಂದಿತ್ತು. ಅವರು ಅದನ್ನು ಓದಿ, ಮಡಿಸಿ, ಡ್ರಾಯರಿಗೆ ಹಾಕಿ, ಇದು ಇಲ್ಲೇ ಇರಲಿ ಎಂದಿದ್ದರು. ಆ ದಿನ ಅವನು ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ ಅತ್ತಿದ್ದ. ದೇವರಂಥವರು ಎಂದು ಹೆಂಡತಿಗೆ ಹೇಳಿದ್ದ. ಈಗ ಅದೇ ಮಾತನ್ನು ಅವರು ಹೇಳಿದ್ದು ಧೈರ್ಯ ತುಂಬಲೋ ಹೆದರಿಸಲೋ? ಅವರ ಮುಖವನ್ನು ನೋಡಿದ. ಅಲ್ಲಿ ಕರುಣೆಯೇ ಇತ್ತು, ಇಲ್ಲವೇ ಕರುಣೆಯ ಹಾಗೆ ಕಾಣುವುದೇನೋ ಇತ್ತು. ನಿದ್ದೆಯಿಲ್ಲದ ಕಣ್ಣು, ಕ್ಷೌರ ಮಾಡುವಾಗ ಗದ್ದದ ಮೇಲೆ ಬಿದ್ದ ಗಾಯ. ಪಾಪ ಎನಿಸಿತು. ಪಾಪ ಎನಿಸಿದ್ದಕ್ಕೆ ತನ್ನ ಮೇಲೆ ಅಸಹ್ಯವಾಯಿತು. ಅಸಹ್ಯವಾದದ್ದಕ್ಕೆ, ಉಂಡ ಮನೆಯ ಜಂತೆ ಎಣಿಸುವವನಾದೆನಲ್ಲ ಎಂದು ಇನ್ನೊಂದು ದುಃಖವಾಯಿತು. ಅವರು ಹೋದ ಮೇಲೆ ನೋಡಿದರೆ ಅವನು ಟೀ ಪೂರ್ತಿ ಕುಡಿದಿದ್ದ.

ಆಡಳಿತ ಕಟ್ಟಡಕ್ಕೆ ನಡೆದುಹೋಗುವಾಗ ಅವನಿಗೆ ಸುತ್ತಿಗೆಗಳು ನೆನಪಾದವು. ಪ್ರತಿ ವರ್ಷ ಕಲ್ಲು ತರಲು ವಿದ್ಯಾರ್ಥಿಗಳು ಬೆಟ್ಟಗಳಿಗೆ ಹೋಗುವಾಗ ಕಪಾಟಿನಿಂದ ಸುತ್ತಿಗೆ ತೆಗೆದುಕೊಡುವವನು ಅವನೇ. ಹುಡುಗಿಯರನ್ನು ಮುಖ್ಯಸ್ಥರು ಕರೆದುಕೊಂಡು ಹೋಗುತ್ತಿರಲಿಲ್ಲ. ಜೀಪಿನಲ್ಲಿ ಜಾಗವಿಲ್ಲ, ಅಲ್ಲಿ ಉಳಿಯುವುದು ಕಷ್ಟ, ನಾಳೆ ಏನಾದರೂ ಆದರೆ ಯಾರು ಹೊಣೆ ಎನ್ನುತ್ತಿದ್ದರು. ಈ ಹುಡುಗಿ ತಾನು ಸಂಶೋಧನೆ ಮಾಡುತ್ತಿದ್ದ ಕಲ್ಲನ್ನು ಮೂರು ವರ್ಷದಲ್ಲಿ ಒಮ್ಮೆಯೂ ಅದಿರುವ ಜಾಗದಲ್ಲಿ ನೋಡಿರಲಿಲ್ಲ. ಹುಡುಗರು ಚೀಲದಲ್ಲಿ ತಂದು ಸುರಿದದ್ದನ್ನು ಆರಿಸಿಕೊಳ್ಳುತ್ತಿದ್ದಳು. ಒಂದು ವರ್ಷ ಅವಳು ಬಂದು, ಅಣ್ಣ ನನಗೂ ಒಂದು ಸುತ್ತಿಗೆ ಕೊಡಿ ಎಂದು ಕೈಚಾಚಿದಾಗ, ನಿನಗ್ಯಾಕಮ್ಮ ಸುಮ್ನೆ, ಕೈ ನೋಯಿಸ್ಕೋತೀಯ ಎಂದು ಅವನೇ ಹೇಳಿದ್ದ. ಕಪಾಟಿನಲ್ಲಿ ಎರಡು ಸುತ್ತಿಗೆ ಉಳಿದಿದ್ದವು. ಅವಳು ಅವನ್ನು ನೋಡಿದ್ದಳು, ಅವಳು ನೋಡಿದ್ದನ್ನು ಅವನೂ ನೋಡಿದ್ದ. ಅಕ್ಕರೆಯಿಂದ ಹೇಳಿದ ಮಾತು ಅದು, ಅನುಮಾನವೇ ಇಲ್ಲ. ಅಕ್ಕರೆಯಿಂದ ಹೇಳಿದ್ದೂ ಅನ್ಯಾಯದ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಲು ಅವನಿಗೆ ಯಾರೂ ಇರಲಿಲ್ಲ.

ಸಮಿತಿಯ ಕೋಣೆಯಲ್ಲಿ ನಾಲ್ಕು ಜನರಿದ್ದರು. ನಡುವೆ ಅಧ್ಯಕ್ಷೆ, ಗಣಿತ ವಿಭಾಗದವರು, ದೊಡ್ಡ ದನಿ. ಅವರ ಒಂದು ಪಕ್ಕ ಆಡಳಿತ ಕಚೇರಿಯ ಅಧಿಕಾರಿ, ಇನ್ನೊಂದು ಪಕ್ಕ ಹೊರಗಿನಿಂದ ಬಂದ ವಕೀಲೆ. ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಟೈಪಿಸ್ಟು. ಅವನಿಗೆ ತೋರಿಸಿದ ಕುರ್ಚಿಯಲ್ಲಿ ಕೂತರೆ ವಕೀಲೆ ಎಡಗಡೆಗೆ ಬರುತ್ತಿದ್ದರು, ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಕುರ್ಚಿ ಸರಿಸಬಹುದೇ ಎಂದು ಕೇಳಬೇಕೆಂದುಕೊಂಡ. ಅಷ್ಟರಲ್ಲಿ ಅಧ್ಯಕ್ಷೆ ಎಷ್ಟು ವರ್ಷದ ಸರ್ವಿಸು, ಕೋಣೆ ಎಷ್ಟು ದೊಡ್ಡದು, ಮೈಕ್ರೋಸ್ಕೋಪು ಎಷ್ಟು ದೂರದಲ್ಲಿದೆ ಎಂದೆಲ್ಲ ಕೇಳಿದರು, ಅವನು ಹೇಳಿದ. ನಾಲ್ಕು ಹೆಜ್ಜೆ ಎಂದ. ಎಲ್ಲ ಸಲೀಸಾಗಿ ಹೋಗುತ್ತಿದೆ ಎನಿಸಿತು. ಬೆನ್ನನ್ನು ಕುರ್ಚಿಗೆ ಆನಿಸಿದ. ಆಗ ವಕೀಲೆ ಕಾಗದದ ಮೇಲೆ ಕಣ್ಣಿಟ್ಟುಕೊಂಡೇ ಏನೋ ಕೇಳಿದರು. ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಅವರು ತಲೆಯೆತ್ತಿ ಅವನನ್ನು ನೋಡಿದರು. ಕಾಯುತ್ತಿದ್ದರು. ಎಲ್ಲರೂ ಕಾಯುತ್ತಿದ್ದರು.

“ಇದ್ರಲ್ಲಿ ನಗೋ ಅಂಥದ್ದೇನಿದೆ?” ಎಂದರು ಅಧ್ಯಕ್ಷೆ. ಅದು ಚೆನ್ನಾಗಿ ಕೇಳಿಸಿತು. ಅವನು ಬಾಯಿಯ ಹತ್ತಿರ ಕೈ ಒಯ್ದು ಮುಟ್ಟಿ ನೋಡಿಕೊಂಡ. ತುಟಿ ಎರಡೂ ಬದಿಗೆ ಎಳೆದುಕೊಂಡಿತ್ತು, ಕೆನ್ನೆ ಗಟ್ಟಿಯಾಗಿ ಮೇಲೆ ನಿಂತಿತ್ತು. ಹಾಗಾದರೆ ಹೀಗೆ. ಐದು ದಿನದಿಂದ ಎಷ್ಟು ನೆನೆಸಿಕೊಂಡರೂ ಕಾಣಿಸದಿದ್ದ ಮುಖ ಇಲ್ಲಿ, ಅಂಗೈಯ ಕೆಳಗೆ ಇತ್ತು. ಅದನ್ನು ಇಳಿಸಲು ನೋಡಿದ, ಕೂಡಲೇ ಇಳಿಯಲಿಲ್ಲ. ಅಧಿಕಾರಿ ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿದ್ದು ಕಂಡಿತು, ಇಂಥವರಿಂದ ಇನ್ನೇನು ಬಂದೀತು ಎನ್ನುವ ಹಾಗೆ. ಸುಮ್ಮನಿದ್ದುಬಿಡಬಹುದಿತ್ತು. ಕ್ಷಮಿಸಿ ಮೇಡಂ, ಅಭ್ಯಾಸ ಎನ್ನಬಹುದಿತ್ತು. ಅವನ ಬಾಯಿಂದ ಬಂದದ್ದು ಬೇರೆ. “ನನಗೆ ಎಡಗಿವಿ ಕೇಳಲ್ಲ ಮೇಡಂ. ಬಲಗಿವಿ ಅರ್ಧ. ಅವರು ಏನು ಕೇಳಿದ್ರು ಅಂತ ಗೊತ್ತಾಗ್ಲಿಲ್ಲ. ಗೊತ್ತಾಗದೇ ಇದ್ರೆ ಮುಖ ಹೀಗಾಗುತ್ತೆ.”

ವಕೀಲೆ ಎದ್ದು, ತಮ್ಮ ಕುರ್ಚಿಯನ್ನು ತಾವೇ ಎಳೆದುಕೊಂಡು, ಮೇಜನ್ನು ಸುತ್ತಿ ಬಂದು ಅವನ ಬಲಗಡೆ ಕೂತರು. ಟೈಪಿಸ್ಟು ಫ್ಯಾನು ನಿಲ್ಲಿಸಿದಳು. “ಅವರ ಕೈ ಎಲ್ಲಿತ್ತು ಅಂತ ನೀವು ನೋಡಿದ್ರಾ ಅಂತ ಕೇಳಿದೆ,” ಎಂದರು ವಕೀಲೆ.

“ನೋಡಿದೆ.”

“ಎಲ್ಲಿತ್ತು?”

“ಸೊಂಟದ ಮೇಲೆ. ಆ ಹುಡುಗಿ ತಳ್ಳಿದ್ಲು. ಮತ್ತೆ ಇಟ್ರು.”

“ಆಮೇಲೆ?”

“ಸರ್ ನನ್ನ ಕಡೆ ನೋಡಿ ಏನೋ ಅಂದ್ರು. ಏನು ಅಂತ ನನಗೆ ಗೊತ್ತಿಲ್ಲ. ನಾನು ನಕ್ಕೆ.”

“ಈ ವಿಷಯ ನಿಮ್ಮ ಹತ್ರ ಯಾರಾದ್ರೂ ಮಾತಾಡಿದ್ರಾ, ಇಲ್ಲಿಗೆ ಬರೋ ಮುಂಚೆ?”

ಅವನು ಹೆಂಡತಿಯ ಬಗ್ಗೆ ಹೇಳಿದ. ಆಮೇಲೆ, “ಸರ್ ಟೀ ತಂದಿದ್ರು,” ಎಂದ. ಅಧಿಕಾರಿ ಮತ್ತೆ ಪೆನ್ನು ಕೈಗೆತ್ತಿಕೊಂಡರು. ಟೀ ತಂದು ಏನೆಂದರು ಎಂದು ಕೇಳಿದಾಗ ಅದನ್ನೂ ಹೇಳಿದ, ಡ್ರಾಯರಿನ ಚೀಟಿಯನ್ನೂ ಹೇಳಿದ. ಹೇಳುತ್ತಿದ್ದಂತೆ ಹಗುರವಾಗಬಹುದು ಎಂದುಕೊಂಡಿದ್ದ. ಹಾಗೇನೂ ಆಗಲಿಲ್ಲ. ನಲ್ಲಿ ತಿರುಗಿಸಿ ಅತ್ತ ಆ ದಿನದ ಮನುಷ್ಯನನ್ನು ಯಾರ ಕೈಗೋ ಹಿಡಿದುಕೊಟ್ಟ ಹಾಗಾಯಿತು.

ಅಧ್ಯಕ್ಷೆ ಟೈಪಿಸ್ಟಿಗೆ ಬರೆಸತೊಡಗಿದರು. ಅವರ ದನಿ ಈಗ ಮೆತ್ತಗಾಗಿತ್ತು, ಆದರೂ ಅವನತ್ತ ತಿರುಗಿದ್ದರಿಂದ ತುಟಿ ಕಾಣುತ್ತಿತ್ತು. “ಸಾಕ್ಷಿಗೆ ಶ್ರವಣದೋಷವಿರುವ ಕಾರಣ ಸದರಿ ಮಾತುಗಳು ಅರ್ಥವಾಗದೆ ನಕ್ಕಿರುತ್ತಾರೆ.” ಟೈಪಿಸ್ಟಿನ ಬೆರಳು ಓಡಿತು. ಅವನು ಆ ವಾಕ್ಯವನ್ನು ಮನಸ್ಸಿನಲ್ಲೇ ತಿರುವಿ ನೋಡುತ್ತ ಕೂತ. ಎಷ್ಟು ಚೆನ್ನಾಗಿತ್ತು ಅದು, ತೊಳೆದು ಮಡಿಸಿಟ್ಟ ಅಂಗಿಯ ಹಾಗೆ. ಹಾಕಿಕೊಂಡು ಎದ್ದು ಹೋದರಾಗಿತ್ತು. “ಮೇಡಂ, ಕಾರಣ ಬೇಡ,” ಎಂದ.

“ಏನು ಬೇಡ?”

“ಕೇಳಿಸಲಿಲ್ಲ ಅಂತ ಬರೀರಿ. ನಕ್ಕ ಅಂತ ಬರೀರಿ. ಎರಡನ್ನೂ ಬೇರೆ ಬೇರೆ ಬರೀರಿ.”

“ನಿಮಗೆ ಒಳ್ಳೇದಾಗೋ ಹಾಗೇ ಬರೆಸ್ತಿದಾರಲ್ಲ ರೀ,” ಎಂದರು ಅಧಿಕಾರಿ, ಬೇಸರದಿಂದ.

ವಕೀಲೆ ಅವನ ಮುಖವನ್ನೇ ನೋಡುತ್ತಿದ್ದರು. “ಕೈ ಕಂಡಿದ್ದು ಮೊದಲಾ, ನಕ್ಕಿದ್ದು ಮೊದಲಾ?”

“ಕೈ ಕಂಡಿದ್ದು ಮೊದಲು.”

“ಹಾಗಾದ್ರೆ ಯಾಕೆ ನಕ್ರಿ?”

ಈ ಪ್ರಶ್ನೆಗೆ ಅವನು ಬಸ್ಸಿನಲ್ಲಿ ಏಳೆಂಟು ಉತ್ತರ ಕಂಡುಕೊಂಡಿದ್ದ. ಕಿವಿ. ಅಭ್ಯಾಸ. ಸಾಹೇಬರು ನೋಡಿದರೆ ನಗಬೇಕು ಎನ್ನುವ ಚಾಕರಿಯ ಬುದ್ಧಿ. ನನಗ್ಯಾಕೆ ಉಸಾಬರಿ ಎನ್ನುವುದು. ಆ ಹುಡುಗಿಗೆ, ಏನೂ ಆಗಿಲ್ಲ ಬಿಡಮ್ಮ ಎಂದು ಹೇಳುವ ಒಂದು ಪೆದ್ದು ರೀತಿ. ಒಂದೊಂದೂ ನಿಜವಿರಬಹುದು, ಎಲ್ಲವನ್ನೂ ಸೇರಿಸಿದರೂ ಪೂರ್ತಿ ನಿಜವಾಗುತ್ತಿರಲಿಲ್ಲ. “ಗೊತ್ತಿಲ್ಲ ಮೇಡಂ,” ಎಂದ. ಟೈಪಿಸ್ಟು ಅಧ್ಯಕ್ಷೆಯ ಮುಖ ನೋಡಿ, ಗೊತ್ತಿಲ್ಲ ಎಂದು ಬರೆದಳು. ಅಚ್ಚಾಗಿ ಬಂದ ಮೂರು ಹಾಳೆಗೆ ಅವನು ಸಹಿ ಹಾಕಿದ. ಮೂರೂ ಸಹಿ ಮೂರು ಥರ ಬಂದವು.

ಹೊರಗೆ ಉದ್ದನೆಯ ಪಡಸಾಲೆಯಲ್ಲಿ ಬೆಂಚಿನ ಮೇಲೆ ಆ ಹುಡುಗಿ ಕೂತಿದ್ದಳು. ಅವಳನ್ನೂ ಕರೆಸಿದ್ದರು, ಮೊದಲೇ ಕೊಟ್ಟಿದ್ದ ತನ್ನ ಹೇಳಿಕೆ ಓದಿ ಸಹಿ ಹಾಕಲು. ಅವನು ಬೇರೆ ದಾರಿ ಹುಡುಕಿದ. ಮೆಟ್ಟಿಲಿದ್ದದ್ದು ಅವಳ ಆಚೆಗೆ. ತಲೆ ತಗ್ಗಿಸಿ ದಾಟುತ್ತಿದ್ದಾಗ ಅವಳು ಎದ್ದು ಅವನ ಬಲಗಡೆಗೆ ಬಂದು ನಿಂತಳು. ಯಾವಾಗಲೂ ಅವಳು ಬಲಗಡೆಗೇ ಬಂದು ಮಾತಾಡಿಸುತ್ತಿದ್ದಳು ಎಂಬುದು ಅವನಿಗೆ ಈಗ ಹೊಳೆಯಿತು. ಇವಳಿಗೆ ಗೊತ್ತಿತ್ತು.

“ಅಣ್ಣ, ಏನು ಹೇಳಿದ್ರಿ ಅಂತ ನಾನು ಕೇಳಲ್ಲ. ಕೇಳಬಾರದು,” ಎಂದಳು. “ಒಂದೇ ಒಂದು ಕೇಳ್ತೀನಿ. ಅವತ್ತು ಸರ್ ಅಂದಿದ್ದು ನಿಮಗೆ ನಿಜವಾಗ್ಲೂ ಕೇಳಿಸ್ಲಿಲ್ವಾ?”

“ಇಲ್ಲಮ್ಮ. ನನ್ನ ಕಿವಿ ಹೋಗಿದೆ. ಒಳಗೆ ಹೇಳಿಬಿಟ್ಟೆ ಅದನ್ನ.”

“ಹೇಳಿಬಿಟ್ರಾ?” ಅವಳು ಗೋಡೆಗೆ ಕೈಯೂರಿದಳು. ನೀರಿನ ಬಾಟಲಿಯ ಮುಚ್ಚಳವನ್ನು ತೆಗೆದು, ಕುಡಿಯದೆ ಮತ್ತೆ ಮುಚ್ಚಿದಳು. “ನಾನು ಅದನ್ನ ಬರೀಲಿಲ್ಲ. ಬರೆದ್ರೆ ನಿಮ್ಮನ್ನ ಮಷೀನಿಂದ ತೆಗೀತಾರೆ ಅಂತ. ಅಸಭ್ಯವಾಗಿ ಮಾತಾಡಿದ್ರು ಅಂತಷ್ಟೇ ಬರೆದೆ. ಏನು ಮಾತು ಅಂತ ಸಮಿತಿಯವರು ಎರಡು ಸಲ ಕೇಳಿದ್ರು, ಮರೆತುಹೋಯ್ತು ಅಂದೆ. ಮರೆತುಹೋಯ್ತು ಅಂದಿದ್ದಕ್ಕೆ ಆ ಆಫೀಸರು ನನ್ನ ಮುಖ ನೋಡಿದ ರೀತಿ ನೀವು ನೋಡ್ಬೇಕಿತ್ತು.”

“ನಾನು ನಕ್ಕಿದ್ದು ಬರೆದಿದ್ದೀಯಲ್ಲಮ್ಮ,” ಎಂದ ಅವನು. ದೂರುವ ದನಿ ಬಂದುಬಿಟ್ಟಿತು, ಬೇಡವೆಂದರೂ.

“ಅದನ್ನ ಬಿಡೋಕೆ ಆಗ್ಲಿಲ್ಲ ಅಣ್ಣ,” ಎಂದಳು ಅವಳು. “ಮನೆಗೆ ಹೋಗಿ ರಾತ್ರಿಯೆಲ್ಲ ನನಗೆ ಕಾಣಿಸ್ತಿದ್ದಿದ್ದು ಅವರ ಕೈ ಅಲ್ಲ. ನಿಮ್ಮ ಮುಖ.”

ಅವನು ಬೆಂಚಿನ ಮೇಲೆ ಕೂತುಕೊಂಡ. “ಅವರು ಏನಂದ್ರು, ಹೇಳಮ್ಮ,” ಎಂದ. ಅವಳು ಬೇಡ ಎನ್ನುವಂತೆ ತಲೆಯಾಡಿಸಿದಳು. ಅವನು ಮತ್ತೆ ಕೇಳಿದ. ಅವಳು ಪಡಸಾಲೆಯ ಎರಡೂ ತುದಿ ನೋಡಿ, ಅವನ ಎದುರಿಗೆ ಬಂದು, ಅವನಿಗೆ ತುಟಿ ಕಾಣುವ ಹಾಗೆ ಬಗ್ಗಿ, ಒಂದೊಂದೇ ಪದ ಬಿಡಿಸಿ ಹೇಳಿದಳು. ದನಿಯನ್ನು ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

“ನಾನು ಕೈ ತಳ್ಳಿ ನಿಮ್ಮ ಕಡೆ ನೋಡಿದೆ. ಅದಕ್ಕೆ ಅವರು ಹೇಳಿದ್ರು: ಇವನಿಗ್ಯಾಕೆ ಹೆದರ್ತೀಯ, ಇವನು ಕೆಪ್ಪ. ಗೋಡೆಗಾದ್ರೂ ಕಿವಿ ಇರುತ್ತೆ, ಇವನಿಗಿಲ್ಲ. ಬೇಕಾದ್ರೆ ನೋಡು, ಈಗ ನಗ್ತಾನೆ.”

ಇಪ್ಪತ್ತೆರಡು ವರ್ಷದಲ್ಲಿ ಮುಖ್ಯಸ್ಥರು ಅವನನ್ನು ಒಮ್ಮೆಯೂ ಏಕವಚನದಲ್ಲಿ ಕರೆದಿರಲಿಲ್ಲ. ಮೊದಲಿಗೆ ಅವನ ತಲೆಗೆ ಹೋದದ್ದು ಅದೊಂದೇ. ಮಿಕ್ಕಿದ್ದು ಹೋಗಲು ಹೊತ್ತು ಹಿಡಿಯಿತು. ಕೇಳಿಸಬೇಕಾದಾಗ ಎದುರಿಗೆ ನಿಂತು ಬಿಡಿಸಿ ಹೇಳುತ್ತಿದ್ದ ಮನುಷ್ಯ. ಕೈಯಿಡಲು ಆ ಕೋಣೆಯನ್ನೇ ಆರಿಸಿಕೊಂಡ ಮನುಷ್ಯ. ಚೀಟಿಯನ್ನು ಡ್ರಾಯರಿಗೆ ಹಾಕಿದ್ದು ಕರುಣೆಯಿಂದಲೇ ಇರಬಹುದು. ಆಮೇಲೆ ಅದು ಉಪಯೋಗಕ್ಕೆ ಬಂದಿರಬಹುದು. ಹಾಗೆಂದು ಸಿಟ್ಟು ಬರಬೇಕಾಗಿತ್ತು. ಬಂದದ್ದು ಸಿಟ್ಟೋ, ನಾಚಿಕೆಯೋ, ತನ್ನನ್ನೂ ಕುಣಿಸಿದರಲ್ಲ ಎಂಬ ಒಂದು ಕಳ್ಳ ಸಮಾಧಾನವೋ ತಿಳಿಯಲಿಲ್ಲ. ಆ ಸಮಾಧಾನಕ್ಕೆ ಅವನು ಹೆದರಿದ; ಕೈ ಇದ್ದದ್ದು ಅವಳ ಸೊಂಟದ ಮೇಲೆ, ಅವನ ಸೊಂಟದ ಮೇಲಲ್ಲ. ತನ್ನ ಮುಖ ಈಗ ಹೇಗಿದೆಯೋ ಎಂಬ ದಿಗಿಲು ಹುಟ್ಟಿತು. ಹುಡುಗಿ ಅದನ್ನು ನೋಡುತ್ತಿದ್ದಳು.

“ಈಗ ಹೋಗಿ ಹೇಳಮ್ಮ ಅದನ್ನ,” ಎಂದ ಅವನು. “ನೆನಪಾಯ್ತು ಅನ್ನು. ಇಲ್ಲ, ನೆನಪಿತ್ತು, ಹೇಳಿರ್ಲಿಲ್ಲ ಅನ್ನು. ಇವನು, ಕೆಪ್ಪ, ಎಲ್ಲ ಹಂಗಂಗೇ ಬರೆಸು. ನನ್ನ ಕೆಲಸದ ಚಿಂತೆ ಮಾಡ್ಬೇಡ.”

“ನಿಮಗೆ ತೊಂದ್ರೆ ಆಗುತ್ತೆ.”

“ಆಗುತ್ತೆ.”

ಆಯಿತು ಕೂಡ. ಮೂರು ತಿಂಗಳ ಮೇಲೆ ಸಮಿತಿಯ ವರದಿ ಬಂದು ಮುಖ್ಯಸ್ಥರ ಹುದ್ದೆ ಹೋಯಿತು, ಯಾರಿಗೂ ಮಾರ್ಗದರ್ಶನ ಮಾಡಕೂಡದೆಂದಾಯಿತು. ಅವರು ಮೇಲ್ಮನವಿ ಹಾಕಿಕೊಂಡು ಓಡಾಡಿದರು. ಹುಡುಗಿಗೆ ಬೇರೆ ಮಾರ್ಗದರ್ಶಕರು ಸಿಕ್ಕಿ, ಅವಳು ಬೆಟ್ಟಕ್ಕೆ ಹೋಗಿ ತನ್ನ ಕಲ್ಲನ್ನು ತಾನೇ ಒಡೆದು ತಂದಳು. ಅದನ್ನು ಅರೆದುಕೊಡಲು ಅವನು ಆ ಕೋಣೆಯಲ್ಲಿರಲಿಲ್ಲ. ಅವನ ಕಿವಿಯನ್ನು ಪರೀಕ್ಷೆ ಮಾಡಿಸಿ, ಶ್ರವಣಯಂತ್ರ ಕೊಟ್ಟು, ಉಗ್ರಾಣಕ್ಕೆ ಹಾಕಿದ್ದರು. ಆ ಯಂತ್ರದಲ್ಲಿ ಬೀರುವಿನ ಬಾಗಿಲ ಕಿರುಗುಟ್ಟುವಿಕೆಯೂ ಮನುಷ್ಯರ ಮಾತೂ ಒಂದೇ ಎತ್ತರದಲ್ಲಿ ಕೇಳಿಸುತ್ತಿದ್ದವು. ಕೆಲವರು ಅವನ ಜೊತೆ ಟೀಗೆ ಬರುವುದನ್ನು ಬಿಟ್ಟರು, ಕೆಲವರು ಹೊಸದಾಗಿ ಬರತೊಡಗಿದರು. ಎರಡೂ ಗುಂಪಿನವರು ಅವನಿಗೆ ಅಷ್ಟೇ ಅಪರಿಚಿತರೆನಿಸಿದರು. ಸರಿ ಮಾಡಿದೆನೋ, ತಡವಾಗಿ ಮಾಡಿದೆನೋ ಎಂಬುದು ಬಗೆಹರಿಯಲಿಲ್ಲ.

ಆದರೆ ಸಾಕ್ಷಿ ಹೇಳಿದ ಆ ದಿನ ಅದ್ಯಾವುದೂ ಇನ್ನೂ ಆಗಿರಲಿಲ್ಲ. ಬಾಗಿಲು ತೆರೆದು ಟೈಪಿಸ್ಟು ಕರೆದಳು, ಹುಡುಗಿ ಒಳಗೆ ಹೋದಳು, ಬಾಗಿಲು ಮುಚ್ಚಿತು. ಹೋಗುವಾಗ ಅವಳು ಬಾಟಲಿಯನ್ನು ಬೆಂಚಿನ ಮೇಲೆ ಬಿಟ್ಟಿದ್ದಳು. ಅವನ ಕೆಲಸ ಮುಗಿದಿತ್ತು, ಹೊರಡಬಹುದಿತ್ತು. ಬಾಗಿಲಿನ ಆಚೆ ನಡೆಯುತ್ತಿದ್ದ ಮಾತು ಅವನಿಗೆ ಹೇಗೂ ಕೇಳಿಸುವಂತಿರಲಿಲ್ಲ. ಪೊರಕೆ ಹಿಡಿದು ಬಂದ ಕಸ ಗುಡಿಸುವಾಕೆ ಅವನ ಕಾಲ ಬಳಿ ನಿಂತು, ಕಾಲೆತ್ತುವಂತೆ ಸನ್ನೆ ಮಾಡಿ, “ಯಾರಿಗೆ ಕಾಯ್ತಿದೀರಿ? ಒಳಗಿರೋ ಹುಡುಗಿ ನಿಮ್ಮವಳಾ?” ಎಂದು ಕೇಳಿದಳು.

ಅವನು ಅವಳ ತುಟಿ ನೋಡಿ ಪ್ರಶ್ನೆಯನ್ನು ಪೂರ್ತಿ ತಿಳಿದುಕೊಂಡ. ಕಾಲುಗಳನ್ನು ಬೆಂಚಿನ ಮೇಲಕ್ಕೆ ಎತ್ತಿಕೊಂಡ. ಅವಳು ಕೆಳಗೆಲ್ಲ ಗುಡಿಸಿ ಮುಂದೆ ಹೋದ ಮೇಲೂ ಇಳಿಸಲು ನೆನಪಾಗದೆ, ಮುಚ್ಚಿದ ಬಾಗಿಲನ್ನು ನೋಡುತ್ತ ಹಾಗೆಯೇ ಕೂತಿದ್ದ.